ಕಡಲೆಕಾಯಿ ಹೊಲದ ಬಿಳಿ ಬೂಷ್ಟು

ಹೋದ ಮುಂಗಾರಿನಲ್ಲಿ ತಮ್ಮನ ಮಗ ಊರಿನಿಂದ ಮೊಬೈಲಿಗೆ ಒಂದು ಚಿತ್ರ ಕಳುಹಿಸಿ, "ದೊಡ್ಡಪ್ಪ, ಇದು ಅದೇನಾ ನೋಡಿ" ಎಂದು ಬರೆದಿದ್ದ. ಚಿತ್ರದಲ್ಲಿ ಒಂದು ಕಡಲೆಕಾಯಿ ಗಿಡ, ಅದರ ಒಂದು ಕವಲು ಮಾತ್ರ ಹಳದಿಗೆ ತಿರುಗಿ ಬಾಡಿತ್ತು. ಬುಡದ ಮಣ್ಣಿಗೆ ಅಂಟಿಕೊಂಡಂತೆ ಹತ್ತಿಯ ಎಳೆಯಂಥ ಬಿಳುಪು. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಅದೇ. ಮೂವತ್ತೈದು ವರ್ಷಗಳಿಗೂ ಹಿಂದೆ ಅದೇ ಹೊಲದಲ್ಲಿ ನಮ್ಮ ಮನೆಯನ್ನು ಅಲ್ಲಾಡಿಸಿ ಹೋದ ಅತಿಥಿ ಅದು.

ಪ್ರಿಯ ಶಿಷ್ಯಮಿತ್ರರೇ, ಚರಿತ್ರೆಯ ಮೇಷ್ಟರಾಗಿ ನಾನು ನಿಮಗೆ ಕಲಿಸಿದ್ದೆಲ್ಲ ಕೋಟೆಗಳ ಕಥೆ. ಚನ್ನರಾಯನದುರ್ಗದ ಬೆಟ್ಟಕ್ಕೆ ನಿಮ್ಮನ್ನು ಸಾಲಾಗಿ ಕರೆದೊಯ್ದು, ಬುತ್ತಿ ಬಿಚ್ಚುವ ಮುನ್ನವೇ ಪಾಳೆಯಗಾರರ ವಂಶಾವಳಿ ಹೇಳಿ ಬೇಸರ ಹಿಡಿಸಿದ್ದುಂಟು. 1678ರಲ್ಲಿ ಮಧುಗಿರಿ ಸೀಮೆ ಚಿಕ್ಕದೇವರಾಜ ಒಡೆಯರ ವಶವಾಯಿತೆಂದು ಬರೆಸಿ, ಪರೀಕ್ಷೆಯಲ್ಲಿ ಇಸವಿ ತಪ್ಪಿದವರ ಅಂಕ ಕಳೆದದ್ದೂ ಉಂಟು. ಆದರೆ ಅದೇ ಬೆಟ್ಟದ ಬುಡದ ಕೆಂಪು ಮಣ್ಣಿನ ಹೊಲಗಳಿಗೆ ಲಗ್ಗೆ ಹಾಕಿ, ಸದ್ದಿಲ್ಲದೆ ಗೆದ್ದು ಕುಳಿತವನ ಚರಿತ್ರೆಯನ್ನು ನಾನು ಒಂದು ದಿನವೂ ಕಲಿಸಲಿಲ್ಲ. ಬಹುಕಾಲ ಅದು ನನಗೇ ತಿಳಿದಿರಲಿಲ್ಲ. ಆ ಕೊರತೆಯನ್ನು ಇಂದು ತುಂಬಿಸುತ್ತೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಮೊದಲು ರೋಗದ ಪರಿಚಯ. ನಮ್ಮ ಕಡೆಯ ರೈತರು ಇದನ್ನು ಬಿಳಿ ಬೂಷ್ಟು ಎಂದೋ ಬುಡ ಕೊಳೆ ಎಂದೋ ಕರೆಯುತ್ತಾರೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಕಾಂಡ ಕೊಳೆ ರೋಗವೆಂದಿರುತ್ತದೆ. ಬಿತ್ತಿ ಐವತ್ತು ಅರವತ್ತು ದಿನ ಕಳೆದು, ಹೂವಿನ ಬುಡದಿಂದ ಸೂಜಿಯಂಥ ಎಳೆಗಳು ನೆಲಕ್ಕಿಳಿದು ಕಾಯಿ ಕಟ್ಟುವ ಕಾಲದಲ್ಲಿ, ಹಸಿರಾಗಿದ್ದ ಗಿಡದ ಒಂದು ಕವಲು ಇದ್ದಕ್ಕಿದ್ದಂತೆ ಜೋಲುತ್ತದೆ. ಎರಡು ಮೂರು ದಿನಗಳಲ್ಲಿ ಉಳಿದ ಕವಲುಗಳೂ ಹಾಗೆಯೇ. ಬಗ್ಗಿ ನೋಡಿದರೆ ಕಾಂಡ ನೆಲಕ್ಕೆ ಸೇರುವ ಜಾಗದಲ್ಲಿ ಬಿಳಿಯ ನೂಲು ಬೀಸಣಿಗೆಯಂತೆ ಹರಡಿರುತ್ತದೆ. ಗಿಡ ಕಿತ್ತರೆ ಬುಡ ಕಳಚಿ ಕೈಗೆ ಬರುತ್ತದೆ, ಕಾಯಿಗಳು ನೆಲದಲ್ಲೇ ಉಳಿಯುತ್ತವೆ. ಅಗೆದು ತೆಗೆದರೆ ಕೊಳೆತಿರುತ್ತವೆ. ಇನ್ನೊಂದು ವಾರಕ್ಕೆ ಆ ನೂಲಿನ ಮೇಲೆ ಸಣ್ಣ ಸಣ್ಣ ಗುಂಡುಗಳು ಕಾಣಿಸಿಕೊಳ್ಳುತ್ತವೆ. ಮೊದಲು ಬಿಳುಪು, ಆಮೇಲೆ ಕಂದು, ಗಾತ್ರದಲ್ಲಿ ಹಾಗೂ ಬಣ್ಣದಲ್ಲಿ ಥೇಟು ಸಾಸಿವೆ ಕಾಳು.

ಈಗ ನಮ್ಮ ಹೊಲದ ಸಂಗತಿ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನಮ್ಮ ತಂದೆಯವರದು ನಾಲ್ಕು ಎಕರೆ ಮಳೆಯಾಶ್ರಯದ ಕೆಂಪು ಹೊಲ. ಒಂದು ವರ್ಷ ರಾಗಿ, ಅದರ ನಡುನಡುವೆ ಅವರೆ, ತೊಗರಿ, ಹರಳು, ಹುಚ್ಚೆಳ್ಳಿನ ಅಕ್ಕಡಿ ಸಾಲು. ಮರುವರ್ಷ ಅರ್ಧಕ್ಕೆ ಕಡಲೆಕಾಯಿ, ಅರ್ಧಕ್ಕೆ ಹುರುಳಿಯೋ ಜೋಳವೋ. ಇದು ಅವರ ತಂದೆಯಿಂದ ಬಂದ ಪದ್ಧತಿ. ನನಗೋ ಸಂಬಳದ ಬಿಸಿ, ಓದಿದವನೆಂಬ ಬಿಗುಮಾನ. ಕಡಲೆಕಾಯಿಗೆ ಒಳ್ಳೆಯ ಬೆಲೆಯಿದ್ದ ಕಾಲ. ಖಾದ್ಯತೈಲದ ಆಮದು ತಗ್ಗಿಸಲೆಂದು ಕೇಂದ್ರ ಸರ್ಕಾರ 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಎಷ್ಟು ಕಾಯಿ ಹೋದರೂ ಸಾಲದು. "ರಾಗಿಯನ್ನು ಸಂತೆಯಲ್ಲಿ ಕೊಂಡರಾಯಿತು, ಪೂರಾ ಕಡಲೆಕಾಯಿ ಹಾಕಿ" ಎಂದು ತಂದೆಯವರಿಗೆ ಲೆಕ್ಕ ಬರೆದು ತೋರಿಸಿದೆ. ಅವರು ಕಾಗದವನ್ನು ನೋಡಲೂ ಇಲ್ಲ. "ದಿನಾ ಒಂದೇ ಊಟ ಹಾಕಿದ್ರೆ ಮನುಷ್ಯನ ಬಾಯೇ ಕೆಡ್ತದೆ. ಹೊಲದ ಬಾಯಿ ಕೆಡಲ್ವೇನೋ?" ಎಂದರು. ಆದರೂ ಮಗ ಓದಿದವನು, ಒಪ್ಪಿದರು.

1985ರಿಂದ ನಾಲ್ಕು ವರ್ಷ ಒಂದೇ ಸಮನೆ ಕಡಲೆಕಾಯಿ. ಮೊದಲ ಮೂರು ವರ್ಷ ಮಳೆ ಕೈಕೊಟ್ಟರೂ ಬೆಲೆ ಕೈಹಿಡಿಯಿತು. ಎರಡನೆಯ ವರ್ಷವೇ ಅಲ್ಲೊಂದು ಇಲ್ಲೊಂದು ಗಿಡ ಸೊರಗಿದ್ದುಂಟು. ಗೆದ್ದಲಿರಬೇಕೆಂದುಕೊಂಡು, ಕಿತ್ತು ತಿಪ್ಪೆಗೆ ಎಸೆಯಲು ನಾನೇ ಹೇಳಿದೆ. ಹೊಲ ಚೊಕ್ಕಟವಾಗಿರಲಿ ಎಂಬುದು ನನ್ನ ಉದ್ದೇಶ. 1988ರಲ್ಲಿ ಬಹುವರ್ಷಗಳ ಮೇಲೆ ಮಳೆ ಚೆನ್ನಾಗಿ ಹಿಡಿಯಿತು. ಬೆಳೆ ಕಣ್ಣು ತುಂಬುವಂತಿತ್ತು. ಬುಡಕ್ಕೆ ಮಣ್ಣು ಏರಿದಷ್ಟೂ ಕಾಯಿ ಹೆಚ್ಚೆಂದು ಯಾರೋ ಹೇಳಿದ್ದನ್ನು ಕೇಳಿ, ಹೂವಾದ ಮೇಲೂ ಒತ್ತಿ ಎಡೆಕುಂಟೆ ಹೊಡೆಸಿದೆವು. ನಡುವೆ ಮೂರು ವಾರ ಬಿಸಿಲು ಕಾಯಿತು, ಆಮೇಲೆ ಒಂದು ವಾರ ಬಿಟ್ಟೂಬಿಡದೆ ಮಳೆ. ಆ ಮಳೆ ನಿಂತ ಬೆಳಿಗ್ಗೆ ತಂದೆಯವರು ಹೊಲದಿಂದ ಹಿಂದಿರುಗಿ ಜಗುಲಿಯ ಮೇಲೆ ಕುಳಿತವರು, ಕಾಫಿ ಆರಿಹೋದರೂ ಏಳಲಿಲ್ಲ. ನಲವತ್ತು ಮೂಟೆ ಎಣಿಸಿದ್ದ ಹೊಲದಲ್ಲಿ ಆ ವರ್ಷ ಕಣಕ್ಕೆ ಬಂದದ್ದು ಹದಿನಾರು. ಬಿತ್ತನೆಕಾಯಿಗಾಗಿ ಅಮ್ಮನ ಎರಡೆಳೆ ಸರ ಗಿರವಿಯಲ್ಲಿತ್ತು. ಗೊತ್ತಾಗಿದ್ದ ತಂಗಿಯ ಮದುವೆ ಒಂದು ವರ್ಷ ಮುಂದೆ ಹೋಯಿತು.

ಈ ಬೆಳೆ ನಮ್ಮ ಸೀಮೆಯ ಹಳೆಯ ಒಕ್ಕಲಲ್ಲ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಹಡಗು ಹತ್ತಿ ಲೋಕ ಸುತ್ತಿ ನಮ್ಮಲ್ಲಿಗೆ ಬಂದದ್ದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಧುಗಿರಿ, ಸಿರಾಗಳ ಮಾರ್ಗವಾಗಿ ಸಂಚರಿಸಿ, ಹೊಲಹೊಲದ ಬೆಳೆಗಳನ್ನು ಬರೆದಿಟ್ಟ. ಆಗಿನ ಒಣಭೂಮಿಯ ಬೇಸಾಯವೆಂದರೆ ರಾಗಿ, ಹುರುಳಿ, ಅವರೆ, ತೊಗರಿ, ಹರಳು, ಎಳ್ಳು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ಸಾಬೂನು ಕಾರ್ಖಾನೆಗಳಿಗೆ ಎಣ್ಣೆ ಬೇಕಾಯಿತು. ಪಾಂಡಿಚೇರಿಯ ಬಂದರಿನಿಂದ ಕಡಲೆಕಾಯಿ ಹಡಗೇರಿತು. ದಕ್ಷಿಣ ಆರ್ಕಾಟಿನ ಹೊಲಗಳಿಂದ ಬೆಳೆ ಮೆಲ್ಲಮೆಲ್ಲನೆ ಘಟ್ಟ ಹತ್ತಿತು. 1940ರಲ್ಲಿ ತಿಂಡಿವನದ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಟಿ.ಎಂ.ವಿ. 2 ಎಂಬ ಗೊಂಚಲು ಜಾತಿ ಪಾವಗಡ, ಸಿರಾ, ನೆರೆಯ ಅನಂತಪುರದ ಒಣಭೂಮಿಗೆ ಹೇಳಿಮಾಡಿಸಿದಂತಿತ್ತು. ಅದೇ ತಳಿಯ ಬೀಜವನ್ನು ನಮ್ಮ ತಂದೆಯವರೂ ಬಿತ್ತುತ್ತಿದ್ದರು. ಬಡವನಿಗೆ ಕೈಯಲ್ಲಿ ನಾಲ್ಕು ಕಾಸು ತೋರಿಸಿದ ಬೆಳೆ ಇದು. ಅದನ್ನು ನಾನು ಹಳಿಯುವುದಿಲ್ಲ. ನನ್ನಂಥ ಎಷ್ಟೋ ಮಕ್ಕಳ ಹಾಸ್ಟೆಲ್ ಫೀಜು ಕಟ್ಟಿದ್ದು ಕಡಲೆಕಾಯಿಯೇ.

ರೋಗದ ಚರಿತ್ರೆ ಇನ್ನೊಂದು ದೇಶದಲ್ಲಿ ಆರಂಭವಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಎಂಬ ಕೃಷಿ ವಿಜ್ಞಾನಿ 1892ರಲ್ಲಿ ಟೊಮ್ಯಾಟೊ ಗಿಡಗಳ ಬುಡ ಕೊಳೆಸುವ ಒಂದು ಬೂಷ್ಟನ್ನು ವರ್ಣಿಸಿದ. ಹೆಸರಿಟ್ಟದ್ದು ಹತ್ತೊಂಬತ್ತು ವರ್ಷಗಳ ಮೇಲೆ. ಇಟಲಿಯ ಪಾದುವಾದ ಶಿಲೀಂಧ್ರ ಪಂಡಿತ ಸಕ್ಕಾರ್ಡೊ 1911ರಲ್ಲಿ ಅದನ್ನು ಸ್ಕ್ಲೆರೋಷಿಯಂ ರಾಲ್ಫ್ಸಿಯೈ ಎಂದು ಕರೆದ. ಸ್ಕ್ಲೆರೋಷಿಯಂ ಎಂದರೆ ಗಟ್ಟಿಗುಂಡು, ನಾವು ಕಂಡ ಆ ಸಾಸಿವೆ. ರಾಲ್ಫ್ಸ್ ಮಹಾಶಯ ಮುಂದೆ ಬ್ರೆಜಿಲ್ ದೇಶಕ್ಕೆ ಹೋಗಿ ವಿಸೋಸಾ ಎಂಬಲ್ಲಿ ಕೃಷಿ ಶಾಲೆಯೊಂದನ್ನು ಕಟ್ಟಿ ಬೆಳೆಸಿದ. ಕಡಲೆಕಾಯಿ ಹುಟ್ಟಿದ ಖಂಡಕ್ಕೇ ಅದರ ವೈರಿಯ ಹೆಸರು ಹೊತ್ತವನು ಹೋದದ್ದು ಚರಿತ್ರೆಯ ಒಂದು ತಮಾಷೆ. ಅಮೆರಿಕದ ಕಡಲೆಕಾಯಿ ಬೆಳೆಗಾರರು ಇದನ್ನು ಬಿಳಿ ಬೂಷ್ಟು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಚಳಿ ದೇಶಗಳಲ್ಲಿ ಹುರುಳಿಕಾಯಿ, ಸೋಯಾ, ಸೂರ್ಯಕಾಂತಿಗಳಿಗೆ ಬರುವ ಬಿಳಿ ಬೂಷ್ಟು ಬೇರೊಂದು ಶಿಲೀಂಧ್ರದ್ದು. ಅದಕ್ಕೆ ತಂಪು ಬೇಕು, ನಮ್ಮದಕ್ಕೆ ಸೆಕೆ ಬೇಕು. ಹೆಸರು ಒಂದೇ ಆದದ್ದರಿಂದ ಪುಸ್ತಕ ಓದುವವರು ಮೋಸಹೋಗಬಾರದು.

ನಮ್ಮ ದೇಶದಲ್ಲಿ ಇದನ್ನು ಮೊದಲು ಕಂಡವರು ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯ ಕಾಲದವರು. 1915ರಲ್ಲಿ ಶಾ ಮತ್ತು ಅಜ್ರೇಕರ್ ಎಂಬಿಬ್ಬರು ಕೊಳೆತ ಆಲೂಗಡ್ಡೆಯಿಂದ ಈ ಶಿಲೀಂಧ್ರವನ್ನು ಬೇರ್ಪಡಿಸಿದರು. ಆದರೆ ಬೇರೆ ಹೆಸರಿನಿಂದ ಗುರುತಿಸಿದರು. ಅವರು ಕಂಡದ್ದು ರಾಲ್ಫ್ಸನ ಶಿಲೀಂಧ್ರವೇ ಎಂದು ತಿಳಿಯಲು ಮತ್ತೆ ಹದಿನೈದು ವರ್ಷ ಹಿಡಿಯಿತು. ಚರಿತ್ರೆಯಲ್ಲಿ ವೇಷ ಮರೆಸಿಕೊಂಡು ಓಡಾಡಿದ ರಾಜರ ಕಥೆ ಹೇಳುತ್ತೇವೆ, ಇದೂ ಹಾಗೆಯೇ. ಲೋಕದಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಇದು ಹಿಡಿಯುತ್ತದೆ. ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆ, ವೀಳ್ಯದೆಲೆ ಬಳ್ಳಿ, ಕಡೆಗೆ ನಮ್ಮ ರಾಗಿಯನ್ನೂ ಬಿಟ್ಟಿಲ್ಲ.

ಮೈಸೂರು ಸಂಸ್ಥಾನದ ಮಟ್ಟಿಗೆ ಸಸ್ಯರೋಗದ ಮಾತು ಬಂದಾಗ ಲೆಸ್ಲಿ ಕೋಲ್ಮನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಕೆನಡಾ ದೇಶದ ಈ ತರುಣ 1908ರಲ್ಲಿ ಸಂಸ್ಥಾನದ ಸಸ್ಯರೋಗ ಮತ್ತು ಕೀಟ ತಜ್ಞರಾಗಿ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಆರಂಭವಾದದ್ದು ಅವರ ಕಾಲದಲ್ಲಿ. ಮಲೆನಾಡಿನ ಅಡಿಕೆಗೆ ಮಳೆಗಾಲದಲ್ಲಿ ಬಡಿಯುತ್ತಿದ್ದ ಕೊಳೆರೋಗವೇ ಅವರ ಮೊದಲ ದೊಡ್ಡ ಸಮರ. ಬೆಳೆಗಾರರು ಅಲ್ಲಿಯವರೆಗೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಕೋಲ್ಮನ್ ಅಡಿಕೆ ಮರದ ತುದಿಗೆ ಏರಿಸಿದರು. ಇಂದಿಗೂ ಮಲೆನಾಡಿನ ಬೆಳೆಗಾರರು ಮಳೆಗೆ ಮುಂಚೆ ಮಾಡುವ ಕೆಲಸ ಅದೇ.

ಆದರೆ ಆ ವಿಜಯ ನಮ್ಮ ಬಯಲುಸೀಮೆಗೆ ದಾರಿ ತೋರಲಿಲ್ಲ. ಅಡಿಕೆಯ ಕೊಳೆ ಮಳೆಹನಿಯ ಜೊತೆಯಲ್ಲಿ ಮೇಲಿನಿಂದ ಬೀಳುವ ರೋಗ. ಗೊನೆಯ ಮೇಲೆ ಔಷಧದ ಪದರವೊಂದಿದ್ದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ. ಬಿಳಿ ಬೂಷ್ಟು ಮನೆಯೊಳಗೇ ಇರುವ ಕಳ್ಳ. ಮಣ್ಣಿನಲ್ಲಿದ್ದುಕೊಂಡು, ಎಲೆಗಳ ಮರೆಯಲ್ಲಿ, ನೆಲಮಟ್ಟದಲ್ಲಿ ಕೆಲಸ ಮಾಡುತ್ತದೆ. ಎಲೆಯ ಮೇಲೆ ಎಷ್ಟು ಸಿಂಪಡಿಸಿದರೂ ಹನಿ ಅಲ್ಲಿಗೆ ಇಳಿಯುವುದೇ ಕಷ್ಟ. ನಮ್ಮ ಕಡೆಯ ರೈತ "ಔಷಧಿ ಹೊಡೆದೆ, ಏನೂ ಆಗಲಿಲ್ಲ" ಎಂದು ಕೈಚೆಲ್ಲುವುದಕ್ಕೆ ಇದೇ ಕಾರಣ. ಇದನ್ನು ಮಣಿಸಬೇಕಾದರೆ ಗಿಡವನ್ನಲ್ಲ, ಹೊಲವನ್ನು ನೋಡಿಕೊಳ್ಳಬೇಕು.

ನನಗೆ ಇದೆಲ್ಲ ತಿಳಿದದ್ದು ಒಬ್ಬ ಶಿಷ್ಯನಿಂದ. ಹೆಬ್ಬಾಳದಲ್ಲಿ ಕೃಷಿ ಪದವಿ ಓದುತ್ತಿದ್ದ ಅವನು 1989ರಲ್ಲಿ ರಜೆಗೆ ಬಂದವನು, ನಮ್ಮ ಹೊಲದ ಒಂದು ಬಾಡಿದ ಗಿಡವನ್ನು ಬುಡಸಮೇತ ತಂದು, ಒದ್ದೆ ಮಾಡಿದ ಪತ್ರಿಕೆಯ ಚೂರಿನೊಡನೆ ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. "ಮೂರು ದಿನ ಬಿಟ್ಟು ನೋಡಿ ಸಾರ್" ಎಂದ. ಮೂರನೆಯ ದಿನ ಬಾಟಲಿಯ ಒಳಗೋಡೆಯ ಮೇಲೆಲ್ಲ ಬಿಳಿಯ ರೇಷ್ಮೆ ಹರಡಿತ್ತು. ಹತ್ತನೆಯ ದಿನಕ್ಕೆ ಸಾಸಿವೆ. ಆ ಬಾಟಲಿಯನ್ನು ನಾನು ಶಾಲೆಗೆ ತಂದು ವಿಜ್ಞಾನದ ಮೇಷ್ಟರಿಂದ ಮಸೂರ ಎರವಲು ಪಡೆದು ತೋರಿಸಿದ್ದು ಆ ಸಾಲಿನ ಹತ್ತನೆಯ ತರಗತಿಯವರಿಗೆ ನೆನಪಿರಬಹುದು. ಅಂದಿನ ಪಾಠ ಬೌದ್ಧ ಧರ್ಮ. ಸಾವಿಲ್ಲದ ಮನೆಯ ಸಾಸಿವೆ ತರಲು ಹೊರಟ ಕಿಸಾಗೋತಮಿಯ ಕಥೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಈ ಸಾಸಿವೆ ಇಲ್ಲದ ಹೊಲ ಯಾರದೈತೆ ಸಾರ್?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಲ್ಲಿಂದ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಆ ಸಾಸಿವೆಯಂಥ ಗುಂಡು ಬೀಜವಲ್ಲ. ನೂಲುಗಳೇ ಒತ್ತೊತ್ತಾಗಿ ಹೆಣೆದು ಗಟ್ಟಿ ತೊಗಟೆ ಹೊದ್ದು ಮಲಗಿದ ಗಂಟು. ಬೇಸಿಗೆ ಬಂದರೂ ಬರ ಬಂದರೂ ಮಣ್ಣಿನಲ್ಲಿ ಮೂರು ನಾಲ್ಕು ವರ್ಷ ಜೀವ ಹಿಡಿದಿರಬಲ್ಲದು. ಆದರೆ ಅದು ಏಳಬೇಕಾದರೆ ಗಾಳಿ ಬೇಕು. ಮೇಲಿನ ಎರಡು ಮೂರು ಅಂಗುಲದ ಮಣ್ಣಿನಲ್ಲಿದ್ದದ್ದು ಎದ್ದೀತು. ಅದಕ್ಕಿಂತ ಆಳಕ್ಕೆ ಹೋದದ್ದು ಏಳುವುದು ಕಷ್ಟ. ಒಣಗಿ ಕಾದ ಗುಂಡಿಗೆ ತಟ್ಟನೆ ನೀರು ತಾಗಿದರೆ ಎಚ್ಚರಗೊಳ್ಳುತ್ತದೆ. ಅದಕ್ಕಿಂತ ಸ್ವಾರಸ್ಯವಾದದ್ದು, ಒಣಗಿದ ಕಡಲೆಕಾಯಿ ಎಲೆಬಳ್ಳಿಯಿಂದ ಹೊರಡುವ ಆವಿಯ ವಾಸನೆಗೇ ಅದು ಮೊಳೆಯುತ್ತದೆಂದು ಅಮೆರಿಕದ ಸಂಶೋಧಕರು ತೋರಿಸಿದರು. ಎದ್ದ ನೂಲು ಮೊದಲು ಉದುರಿದ ಎಲೆಯನ್ನು ತಿಂದು ಬಲಿಯುತ್ತದೆ. ಆಮೇಲೆ ಜೀವಂತ ಕಾಂಡಕ್ಕೆ ಕೈಹಾಕುತ್ತದೆ. ಅದರ ಆಯುಧ ಆಕ್ಸಾಲಿಕ್ ಆಮ್ಲ. ಕಡಲೆ ಹೊಲದಲ್ಲಿ ಬೆಳಗಿನ ಇಬ್ಬನಿಯ ಹೊತ್ತಿನಲ್ಲಿ ನಡೆದರೆ ಪಂಚೆಯ ಅಂಚಿಗೆ ಹುಳಿ ಹತ್ತುತ್ತದಲ್ಲ, ಆ ಹುಳಿಯಲ್ಲೂ ಇದೇ ಆಮ್ಲದ ಅಂಶವುಂಟು. ಬೂಷ್ಟು ಆ ಆಮ್ಲವನ್ನು ಮುಂದೆ ಉಗುಳಿ ಗಿಡದ ಜೀವಕೋಶಗಳನ್ನು ಕೊಂದು, ಸತ್ತದ್ದನ್ನು ಹಿಂದಿನಿಂದ ತಿನ್ನುತ್ತ ಸಾಗುತ್ತದೆ. ಬದುಕಿದ್ದನ್ನು ತಿನ್ನುವ ಧೈರ್ಯ ಅದಕ್ಕಿಲ್ಲ, ಮೊದಲು ಕೊಲ್ಲಬೇಕು.

ಇಷ್ಟು ಓದಿದ ಮೇಲೆ 1988ರ ನಮ್ಮ ಹೊಲವನ್ನು ಮತ್ತೆ ನೆನೆದುಕೊಂಡೆ. ನಾಲ್ಕು ವರ್ಷ ಒಂದೇ ಬೆಳೆ ಹಾಕಿ ಗುಂಡುಗಳ ಸಂತಾನವನ್ನು ವರ್ಷವರ್ಷವೂ ಹೆಚ್ಚಿಸಿದ್ದೆ. ಕಿತ್ತ ಗಿಡಗಳನ್ನು ತಿಪ್ಪೆಗೆ ಹಾಕಿಸಿದ್ದೆ. ಗುಂಡುಗಳು ಅರೆಬರೆ ಕೊಳೆತ ತಿಪ್ಪೆಯ ಗೊಬ್ಬರದೊಡನೆ ಗಾಡಿ ಹತ್ತಿ ನಾಲ್ಕೂ ಎಕರೆಗೆ ಸಮನಾಗಿ ಹಂಚಿಹೋಗಿದ್ದವು. ಇನ್ನು ಎಡೆಕುಂಟೆಯ ವಿಷಯ. ಜಾರ್ಜಿಯಾ ರಾಜ್ಯದ ಬಾಯ್ಲ್ ಎಂಬ ವಿಜ್ಞಾನಿ 1950ರ ದಶಕದಲ್ಲೇ, ಅಂತರ ಬೇಸಾಯದಲ್ಲಿ ಕಾಂಡದ ಮೇಲೆ ಮಣ್ಣು ಎರಚುವುದರಿಂದ ಈ ರೋಗ ಹೆಚ್ಚುತ್ತದೆಂದು ತೋರಿಸಿ, ಮಣ್ಣು ಎರಚದ ಬೇಸಾಯವನ್ನು ಬೋಧಿಸಿದ್ದ. ಮಣ್ಣಿನಲ್ಲಿ ಹೂತ ಎಲೆ ಬೂಷ್ಟಿಗೆ ಬುತ್ತಿ. ಹೂತ ಕಾಂಡ ಏಣಿ. ಹೂವಿಗೆ ಮುಂಚೆ ಹಗುರವಾಗಿ ಎಡೆ ಹೊಡೆಯುವುದು ತಪ್ಪಲ್ಲ. ಹೂವಾದ ಮೇಲೆ ಒತ್ತಿ ಹೊಡೆದು ಗಿಡದ ಕತ್ತಿನವರೆಗೆ ಮಣ್ಣು ಏರಿಸಿದ್ದು ತಪ್ಪು. ಆ ಎಡೆಕುಂಟೆಯ ಮೇಣಿ ಹಿಡಿದವರು ತಂದೆಯವರು, ಹಿಡಿಸಿದವನು ನಾನು.

ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಈ ಮಾತಿನ ಅರ್ಥವಲ್ಲ. ಹಾಗೆ ಹೇಳುವ ಚಾಳಿ ಈಚೆಗೆ ಹೆಚ್ಚಾಗಿದೆ, ನನಗದು ಹಿಡಿಸುವುದಿಲ್ಲ. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಗುಂಡುಗಳನ್ನು ಆಳಕ್ಕೆ ತಳ್ಳುವ ಶಕ್ತಿ ಅದಕ್ಕಿರಲಿಲ್ಲ. ಕೋಲ್ಮನ್ನರ ಕಾಲದ ಕೃಷಿ ಇಲಾಖೆ ಕಬ್ಬಿಣದ ನೇಗಿಲನ್ನು ಪ್ರಚಾರ ಮಾಡಿದಾಗ ರೈತರು ಎತ್ತಿಗೆ ಭಾರವೆಂದು ಮೂಗು ಮುರಿದರು, ಆದರೆ ಈ ರೋಗದ ಮಟ್ಟಿಗೆ ಇಲಾಖೆಯದೇ ಸರಿ. ಅಜ್ಜನ ಪದ್ಧತಿಯಲ್ಲಿ ಸರಿಯಿದ್ದದ್ದು ಬೆಳೆಯ ಸರದಿ ಮತ್ತು ಮಾಗಿ ಉಳುಮೆ. ಕೊಯ್ಲಿನ ನಂತರ ಉತ್ತು ಬಿಟ್ಟ ಹೊಲ ಬೇಸಿಗೆಯುದ್ದಕ್ಕೂ ಕಾದು, ಭರಣಿ ಕೃತ್ತಿಕೆಯ ಹನಿಗೆ ನೆನೆದು, ಮತ್ತೆ ಕಾಯುತ್ತಿತ್ತು. ಒಣಗಿ ನೆನೆದ ಗುಂಡು ಮೈಯೊಳಗಿನ ಸಾರ ಸೋರಿಸುತ್ತದೆ, ಆ ಸಾರಕ್ಕೆ ಮಣ್ಣಿನ ಇತರ ಸೂಕ್ಷ್ಮಜೀವಿಗಳು ಮುತ್ತಿ ಗುಂಡನ್ನೇ ಕೊಳೆಸುತ್ತವೆ. ಆಗ ಹೊಲದಲ್ಲಿ ಹಿಡಿಯಲು ಗಿಡವೂ ಇರುವುದಿಲ್ಲ. ರಾಗಿಯನ್ನೂ ಈ ಬೂಷ್ಟು ಹಿಡಿಯುವುದರಿಂದ ರಾಗಿಯ ಸರದಿಯೊಂದರಿಂದಲೇ ಹೊಲ ಶುದ್ಧವಾಗದು. ಆದರೂ ಜೋಳ, ನವಣೆ, ರಾಗಿಗಳಂಥ ಹುಲ್ಲುಜಾತಿಯ ಬೆಳೆಗಳಲ್ಲಿ ಅದಕ್ಕೆ ಕಡಲೆಕಾಯಿಯಲ್ಲಿ ಸಿಗುವಷ್ಟು ಹಬ್ಬದೂಟ ಸಿಗದು, ಸಂತಾನ ಇಳಿಯುತ್ತದೆ. ತಂದೆಯವರು ಹೊಲದ ಬಾಯಿ ಕೆಡುವುದು ಎಂದದ್ದಕ್ಕೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಸಿಕ್ಕಿಲ್ಲ.

ಮಣ್ಣಿನೊಳಗೆ ನಮ್ಮ ಪರವಾಗಿ ಹೋರಾಡುವವರೂ ಇದ್ದಾರೆ. ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಇತರ ಶಿಲೀಂಧ್ರಗಳನ್ನು ಸುತ್ತಿ ತಿನ್ನುವುದನ್ನು ರಿಚರ್ಡ್ ವೈಂಡ್ಲಿಂಗ್ 1932ರಲ್ಲಿ ವರ್ಣಿಸಿದ. 1972ರಲ್ಲಿ ಜಾರ್ಜಿಯಾದಲ್ಲಿ ಮೂವರು ವಿಜ್ಞಾನಿಗಳು ಅದನ್ನೇ ಹೊಲದಲ್ಲಿ ಬೆಳೆ ಹಿಡಿದ ಬಿಳಿ ಬೂಷ್ಟಿನ ಮೇಲೆ ಛೂ ಬಿಟ್ಟು ಗೆದ್ದರು. ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ. ಕಡಲೆಕಾಯಿಯ ಎಲೆಚುಕ್ಕೆ ರೋಗಕ್ಕೆ ಬೆನೊಮಿಲ್ ಎಂಬ ಔಷಧ ಸಿಂಪಡಿಸಿದ ಹೊಲಗಳಲ್ಲಿ ಬಿಳಿ ಬೂಷ್ಟು ಹೆಚ್ಚಾಯಿತೆಂದು 1975ರಲ್ಲಿ ಅಲಬಾಮಾದ ಸಂಶೋಧಕರು ಪ್ರಕಟಿಸಿದರು. ಆ ಔಷಧ ಬಿಳಿ ಬೂಷ್ಟನ್ನು ಕೊಲ್ಲದೆ, ಅದನ್ನು ತಿನ್ನುತ್ತಿದ್ದ ಟ್ರೈಕೋಡರ್ಮಾವನ್ನು ಕೊಂದಿತ್ತು. ಕಾವಲುಗಾರನನ್ನು ಹೊಡೆದು ಕಳ್ಳನನ್ನು ಬಿಟ್ಟ ಹಾಗಾಯಿತು.

ಈಗ ರೈತ ಸಂಪರ್ಕ ಕೇಂದ್ರಗಳಲ್ಲಿ ಟ್ರೈಕೋಡರ್ಮಾ ಪುಡಿಯ ಮಾತು ಸಾಮಾನ್ಯ. ಬಿತ್ತುವ ಮುನ್ನ ಕಿಲೋ ಬೀಜಕ್ಕೆ 4 ಗ್ರಾಂ ಸವರಬೇಕು; ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಪುಡಿ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು, ಅದು ಹಬ್ಬಿದ ಮೇಲೆ ಹೊಲಕ್ಕೆ ಹಾಕಬೇಕು. ಇಲ್ಲಿ ಜನ ಮಾಡುವ ತಪ್ಪೆಂದರೆ ಅದೇ ಬೀಜಕ್ಕೆ ಅದೇ ದಿನ ಶಿಲೀಂಧ್ರನಾಶಕವನ್ನೂ ಸವರುವುದು. ಜೀವವಿದ್ದ ಪುಡಿ ಸತ್ತ ಪುಡಿಯಾಗುತ್ತದೆ. ಬೇವು, ಹರಳಿನ ಹಿಂಡಿ ಮಣ್ಣಿನಲ್ಲಿ ಕರಗುವಾಗ ಬಿಡುವ ಅಮೋನಿಯಾ ಗುಂಡುಗಳಿಗೆ ವಿಷ. ಇಸ್ರೇಲಿನ ಕಾಟನ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದಂತೆ, ತೇವ ಮಾಡಿದ ಮಣ್ಣಿನ ಮೇಲೆ ತೆಳು ಪಾಲಿಥೀನ್ ಹಾಳೆ ಹೊದಿಸಿ ಏಪ್ರಿಲ್ ಮೇ ಬಿಸಿಲಿನಲ್ಲಿ ಐದಾರು ವಾರ ಬಿಟ್ಟರೆ ನೆಲ ಕಾದು ಶತ್ರು ಸಾಯುತ್ತಾನೆ. ಟೊಮ್ಯಾಟೊ ಸಸಿಮಡಿಗೆ ಇದು ಸೊಗಸಾದ ಉಪಾಯ. ನಾಲ್ಕು ಎಕರೆಗೆ ಹೊದಿಸುವಷ್ಟು ಹಾಳೆ ತರುವವರಾರು? ಅಮೆರಿಕದ ಕಡಲೆಕಾಯಿಗೆ 1994ರಿಂದ ಟೆಬುಕೊನಝೋಲ್ ಬಂದ ಮೇಲೆ ಅಲ್ಲಿನವರಿಗೆ ಉಸಿರು ಬಂತು. ನಮ್ಮಲ್ಲೂ ಅದು ಸಿಗುತ್ತದೆ. ಆದರೆ ಬುಡಕ್ಕೆ ತಲುಪುವಂತೆ, ರೋಗ ಕಂಡ ತಾಕಿನಲ್ಲಿ ಬೇಗನೆ ಕೊಡದಿದ್ದರೆ ಹಣ ಮಣ್ಣುಪಾಲು. ಮಳೆ ನಂಬಿದ ಬೆಳೆಗೆ ಅಷ್ಟು ಖರ್ಚು ಹೊಂದುವುದೇ ಎಂಬ ಲೆಕ್ಕವನ್ನು ಮನೆಯವರೇ ಹಾಕಬೇಕು. ಲೆಕ್ಕ ಬರೆದು ತೋರಿಸುವ ಕೆಲಸವನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಬಾಡಿದ ಗಿಡವೆಲ್ಲ ಬಿಳಿ ಬೂಷ್ಟಲ್ಲ ಎಂಬುದನ್ನೂ ಹೇಳಬೇಕು. ಬುಡದಲ್ಲಿ ಕಪ್ಪು ಮಸಿಯಂಥದು ಕಂಡರೆ ಅದು ಕತ್ತು ಕೊಳೆ, ಬೇರೆ ಶಿಲೀಂಧ್ರ, ಎಳೆಯ ಗಿಡಗಳಿಗೆ ಹೆಚ್ಚು. 2000ನೇ ಇಸವಿಯ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯಲ್ಲಿ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಕಡಲೆಕಾಯಿ ಕುಡಿಯಿಂದ ಕೆಳಮುಖವಾಗಿ ಒಣಗಿಹೋದಾಗ, ಗಡಿಯ ಈಚೆ ಪಾವಗಡದ ಶಾಲೆಯೊಂದರಲ್ಲಿದ್ದ ನಾನು ಬೂಷ್ಟೆಂದೇ ತಿಳಿದು ಬುಡ ಕೆದಕಿ ನೋಡಿದ್ದೆ. ಬುಡ ಶುದ್ಧವಾಗಿತ್ತು. ಅದು ವೈರಸ್ಸಿನ ಕೆಲಸ, ಪಾರ್ಥೇನಿಯಂ ಕಳೆಯ ಪರಾಗದೊಡನೆ ಥ್ರಿಪ್ಸ್ ನುಸಿ ಹೊತ್ತು ತಂದದ್ದು ಎಂದು ಆಮೇಲೆ ತಿಳಿಯಿತು. ಅದೇ ಪಾವಗಡದ ತಿರುಮಣಿಯ ಸುತ್ತಮುತ್ತ ಈಗ ಹದಿಮೂರು ಸಾವಿರ ಎಕರೆಯ ಸೌರ ವಿದ್ಯುತ್ ಪಾರ್ಕು. ಒಂದು ಕಾಲಕ್ಕೆ ಕಡಲೆಕಾಯಿ ಬಿತ್ತುತ್ತಿದ್ದ ಎಷ್ಟೋ ಹೊಲಗಳ ಮೇಲೆ ಗಾಜಿನ ಹಲಗೆಗಳು ಬಿಸಿಲು ಕುಡಿಯುತ್ತಿವೆ. ಆ ನೆರಳಿನ ಮಣ್ಣಿನಲ್ಲಿ ಗುಂಡುಗಳು ಇನ್ನೂ ಮಲಗಿವೆಯೋ, ಉಣ್ಣಲು ಏನೂ ಸಿಗದೆ ಸತ್ತವೋ ಎಂದು ಬಸ್ಸಿನಲ್ಲಿ ಹಾದುಹೋಗುವಾಗ ಯೋಚಿಸುತ್ತೇನೆ.

ಇನ್ನು ತಪ್ಪೊಪ್ಪಿಗೆ. ಈ ಪುಟವನ್ನು ನನ್ನ ತಂಗಿಯೂ ಓದುತ್ತಾಳೆ. ಆ ವರ್ಷ ಬೆಳೆ ಹೋದದ್ದಕ್ಕೆ ಊರವರ ಕಣ್ಣು ತಾಗಿತೆಂದು ಅಮ್ಮ ನಿನಗೆ ಹೇಳುತ್ತಿದ್ದರಲ್ಲ, ನಾನು ಪಕ್ಕದಲ್ಲೇ ಕುಳಿತು ಸುಮ್ಮನಿರುತ್ತಿದ್ದೆ. ಬಾಟಲಿಯ ಪ್ರಯೋಗ ಮಾಡಿ ಕಾರಣ ತಿಳಿದ ಮೇಲೂ ಸುಮ್ಮನಿದ್ದೆ. ತಂದೆಯವರಿಗೆ ಮಾತ್ರ ಹೇಳಿದೆ. ಅವರು ಬೀಡಿ ಹಚ್ಚಿ, ಬಹಳ ಹೊತ್ತಿನ ಮೇಲೆ, "ನೀನು ಹೇಳ್ದೆ, ನಾನು ಕೇಳ್ದೆ. ಹೊಲ ನಂದು" ಎಂದರು. 2003ರಲ್ಲಿ ಅವರು ತೀರಿಕೊಳ್ಳುವವರೆಗೂ ಮತ್ತೆ ಆ ಮಾತೆತ್ತಲಿಲ್ಲ. 1989ರಿಂದ ಹೊಲಕ್ಕೆ ರಾಗಿ ಹಿಂದಿರುಗಿತು, ಅಕ್ಕಡಿ ಸಾಲಿನ ಸಮೇತ. ಕಡಲೆಕಾಯಿಗೆ ಮೂರು ವರ್ಷಕ್ಕೊಮ್ಮೆ ಸರದಿ. ಬೂಷ್ಟು ಪೂರ್ತಿ ಹೋಗಲಿಲ್ಲ, ಆದರೆ ಕಣಕ್ಕೆ ಬರುವ ಮೂಟೆಗಳನ್ನು ಮುಟ್ಟುವಷ್ಟು ಬೆಳೆಯಲಿಲ್ಲ.

ತಮ್ಮನ ಮಗನಿಗೆ ಅಂದೇ ಫೋನು ಮಾಡಿದೆ. ಗಿಡವನ್ನು ಸುತ್ತಲಿನ ಒಂದು ಗೇಣು ಮಣ್ಣಿನ ಸಮೇತ ಸಲಿಕೆಯಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಲು, ಅಲ್ಲಾಡಿಸದಿರಲು, ತಿಪ್ಪೆಯ ಹತ್ತಿರ ಸುಳಿಯದಿರಲು ಹೇಳಿದೆ. ಎಷ್ಟು ಗಿಡ ಎಂದು ಕೇಳಿದೆ. "ಹನ್ನೊಂದು ದೊಡ್ಡಪ್ಪ, ಎಲ್ಲಾ ಆ ಹುಣಸೆಮರದ ಕಡೆ ಮೂಲೇಲೆ" ಎಂದ. ಹುಣಸೆಮರದ ಮೂಲೆ ಹಳೆಯ ತಿಪ್ಪೆಯಿದ್ದ ಜಾಗ. ಸಂಜೆ ಬದುವಿನಾಚೆ ಕಲ್ಲುಬಂಡೆಯ ಮೇಲೆ ಸುಟ್ಟದ್ದರ ಚಿತ್ರವನ್ನೂ ಕಳುಹಿಸಿದ. ಆ ಮೂಲೆಗೆ ಈ ಸಲ ಜೋಳ ಹಾಕುತ್ತಾನಂತೆ.